ಬರೆಯದೆ ಬಿಟ್ಟ ಹದಿನಾಲ್ಕು ಹೆಸರು

“ಆ ನಾಲ್ಕನೇ ಉಯಿಲು ಪುಸ್ತಕ ತೆಗೆಯೋದಾದ್ರೆ ಒಂದು ಮಾತು, ಮಿಸ್ಟರ್ ಪ್ರಿಡ್ಡಿ,” ಎಂದಳು ದಾಖಲೆ ನೋಡಿಕೊಳ್ಳುವ ಮಿಸ್ ಒಡೆಸ್ಸಾ. “ಯಾರಿಗೆ ಕೊಟ್ರು ಅನ್ನೋದನ್ನ ಆಮೇಲೆ ಬರ್ಕೊಳಿ. ಯಾರನ್ನ ಕೊಟ್ರು ಅನ್ನೋದು ಮೊದಲು. ಒಂದು ಹೆಸರೂ ಬಿಡಬೇಡಿ.”

ಲೊವೆಲ್ ಪ್ರಿಡ್ಡಿ ಕನ್ನಡಕದ ಮೇಲಿನಿಂದ ನೋಡಿದ. ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು ಅವನು. ಒಹಾಯೋದಿಂದ ಕಾರು ಓಡಿಸಿಕೊಂಡು, ವರ್ಜೀನಿಯಾದ ಈ ಹಳೆಯ ಕೋರ್ಟಿನ ದಾಖಲೆ ಕೋಣೆಗೆ ಆ ಬೆಳಿಗ್ಗೆಯಷ್ಟೇ ಬಂದಿದ್ದ.

“ಬಿಟ್ರೆ ಏನಾಗತ್ತೆ?”

“ಈ ಊರಲ್ಲಿ ಯಾರೂ ಬಿಡಲ್ಲ. ಬಿಳಿಯರೂ ಬಿಡಲ್ಲ, ನಾವು ಕರಿಯರೂ ಬಿಡಲ್ಲ.” ಅವಳು ತನ್ನ ಕುರ್ಚಿಯ ದಿಂಬನ್ನು ತಂದು ಅವನ ಕುರ್ಚಿಗೆ ಹಾಕಿದಳು. “ಕೂತ್ಕೊಳಿ, ಮರದ್ದು ಬೆನ್ನು ಹಿಡಿಯತ್ತೆ. ನಿಮಗೆ ಬೇಕಾದ ಆ ಉಯಿಲಲ್ಲಿ ಫಿಬಿ ಅಂತ ಒಬ್ಬ ಗುಲಾಮ ಹೆಂಗಸು. ತಾಯಿನ ಒಬ್ಬರಿಗೆ ಬರೆದ್ರು, ಮಗೂನ ಇನ್ನೊಬ್ಬರಿಗೆ. ಬೇರು-ಗೀರು, ಮಾಟ ತಿಳಿದೋಳು ಅವಳು. ಇದೇ ಕೋಣೆ ಹೊಸ್ತಿಲ ಕೆಳಗೆ ಸೀಸೆ ಹೂತಿದಾಳೆ. ಮೊಳೆ, ಗೋರಿ ಮಣ್ಣು, ಮಗೂದು ಒಂದು ಎಳೆ ಕೂದಲು. ಈ ಕಾಗದ ನಕಲು ಮಾಡ್ತಾ ನನ್ನೋರ ಹೆಸರು ಬಿಟ್ಟೋನ ಬಾಯಿಂದ ಅವನ ಮಗೂ ಹೆಸರು ಹೋಗಲಿ ಅಂದಳಂತೆ.”

“ಸೀಸೇಲಿ ಮೊಳೆ ಇಟ್ರೆ ತುಕ್ಕು ಹಿಡಿಯತ್ತೆ, ಅಷ್ಟೆ. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೀನಿ.”

“ಹಾಗೇ ಆಗಲಿ ಸಾರ್. ಪೆನ್ನು ಈಚೆ ಕೊಡಿ, ಇಲ್ಲಿ ಪೆನ್ಸಿಲ್ ಮಾತ್ರ.” ತನ್ನ ಕಿವಿಯ ಹಿಂದಿನ ಪೆನ್ಸಿಲನ್ನೇ ಚೂಪು ಮಾಡಿ ಕೊಟ್ಟಳು.

ಲೊವೆಲ್‌ಗೆ ಉಳಿದಿದ್ದವಳು ಮಗಳು ಕ್ಲಾರಿಸ್ ಒಬ್ಬಳೇ. ಅವಳಿಗೆ ಇವತ್ತೋ ನಾಳೆಯೋ ಹೆರಿಗೆ. ಹುಟ್ಟುವ ಮಗುವಿನ ತೊಟ್ಟಿಲಲ್ಲಿಡಲು ಅವನೊಂದು ವಂಶದ ಪುಸ್ತಕ ಬರೆಯುತ್ತಿದ್ದ. ಎಲ್ಲ ಕೊಂಡಿಗಳೂ ಸಿಕ್ಕಿದ್ದವು. ತಮ್ಮ ಮೂಲಪುರುಷ ಜಾನ್ ಕಾಥಾರ್ನ್, ತಂಬಾಕಿನ ತೋಟದ ಯಜಮಾನ ಎಡ್ಮಂಡ್ ಕಾಥಾರ್ನನ ಮೊಮ್ಮಗನೇ ಎಂಬುದಕ್ಕೆ ಮಾತ್ರ ದಾಖಲೆ ಸಿಕ್ಕಿರಲಿಲ್ಲ.

ಎಡ್ಮಂಡನ ಉಯಿಲು 1761ರದು. ಕಂದು ಶಾಯಿ, ಬಾಗಿದ ಅಕ್ಷರ. ಲೊವೆಲ್ ವಂಶ ಹುಡುಕುವವರೆಲ್ಲ ಬರೆಯುವಂತೆ ಸಂಕ್ಷೇಪಿಸಿ ಬರೆದುಕೊಂಡ: ‘ಮಗ ರಾಬರ್ಟನಿಗೆ ನದಿಯಂಚಿನ ಮುನ್ನೂರು ಎಕರೆ. ಮಗಳು ಆನ್‌ಳಿಗೆ ಗರಿಯ ಹಾಸಿಗೆ, ಕುರಿಗಳು, ತಾಮ್ರದ ಹಂಡೆ. ಮತ್ತು ಹದಿನಾಲ್ಕು ಗುಲಾಮರು.’

ಕೊನೆಯ ಚುಕ್ಕೆ ಇಟ್ಟ. ಬಾಗಿಲ ಬಳಿ ಏನೋ ಗಲಗಲ ಎಂದಿತು.

ತಲೆಯೆತ್ತಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಣಗಿದ ತಂಬಾಕಿನೆಲೆಯ ವಾಸನೆ ಕೋಣೆಗೆ ಬಂತು. ಅದರಡಿಯಲ್ಲಿ ಇನ್ನೊಂದು, ಆಗ ತಾನೆ ತೋಡಿದ ಮಣ್ಣಿನದು. ಹಳೆಯ ಪುಸ್ತಕಗಳು, ಹಾಗೇ ಇರುತ್ತದೆ ಎಂದುಕೊಂಡ.

ಮಧ್ಯಾಹ್ನ ಒಡೆಸ್ಸಾ ಕರವಸ್ತ್ರ ಬಿಚ್ಚಿ, ಹಂದಿಮಾಂಸದ ಹೋಳಿಟ್ಟ, ಬನ್ನಿನಂಥ ಮೆತ್ತನೆ ಬಿಸ್ಕತ್ತನ್ನು ಎರಡಾಗಿ ಮುರಿದು, ದೊಡ್ಡ ತುಂಡನ್ನು ಅವನ ಕಡೆ ಸರಿಸಿದಳು.

“ಮಗಳಿಗೆ ದಿನ ತುಂಬಿದೆ ಅಂದ್ರಲ್ಲ. ಏನು ಹೆಸರು?”

ಲೊವೆಲ್ ಬಾಯಿ ತೆರೆದ. ನಾಲಿಗೆ ಎದ್ದಿತು. ಅಲ್ಲೇ ನಿಂತಿತು.

ನಕ್ಕ. “ಪ್ರಯಾಣದ ಆಯಾಸ ನೋಡಿ.”

ಒಡೆಸ್ಸಾ ನಗಲಿಲ್ಲ. ಅವನು ಫೋನು ತೆಗೆದ. ಮಗಳ ಚಿತ್ರವಿತ್ತು. ಚಿತ್ರದ ಕೆಳಗೆ ಹೆಸರಿನ ಜಾಗ ಖಾಲಿ. ನೋಡುತ್ತಿದ್ದಂತೆಯೇ ಅದು ರಿಂಗಾಯಿತು.

“ಅಪ್ಪಾ, ನೋವು ಶುರುವಾಗಿದೆ. ಆಸ್ಪತ್ರೆಗೆ ಬಂದ್ವಿ.” ಅವಳ ಉಸಿರು ಕಡಿಯುತ್ತಿತ್ತು. “ಭಯ ಆಗ್ತಿದೆ. ಜ್ವರ ಬಂದಾಗ ಹೆಸರು ಹಿಡಿದು ಕೂಗ್ತಿದ್ದೆಯಲ್ಲ, ಹಾಗೆ ಒಂದು ಸಲ ಕೂಗು.”

“ಹೂಂ ಕಣಮ್ಮಾ. ಹೂಂ.”

“ಹೆಸರು ಅಪ್ಪಾ.”

“ಅಮ್ಮಾ...” ಎಂದ. ಮುಂದಿನದು ಬರಲಿಲ್ಲ.  ಆ ಕಡೆಯಿಂದ ಅದೇ ದನಿ, ಆದರೆ ಅಪರಿಚಿತರ ಜೊತೆಗಿನ ಮರ್ಯಾದೆಯಲ್ಲಿ: “ಕ್ಷಮಿಸಿ, ಯಾರು ಮಾತಾಡ್ತಿರೋದು?”

ಕರೆ ನಿಂತಿತು.

ಲೊವೆಲ್‌ನ ಕೈಯಿಂದ ಬಿಸ್ಕತ್ತು ಜಾರಿತು. ಒಡೆಸ್ಸಾ ಅದನ್ನು ಹೆಕ್ಕಿ ಮೇಜಿನ ಮೇಲಿಟ್ಟಳು. ನಾನು ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟಳು.

“ಮೊದಲು ಹೆಸರು ಹೋಗತ್ತೆ. ಆಮೇಲೆ ಮಗು ನಿಮ್ಮನ್ನ ಮರೆಯೋಕೆ ಶುರು ಮಾಡತ್ತೆ. ನಾಲ್ಕೂವರೆಗೆ ಈ ಕೋಣೆ ಮುಚ್ಚತ್ತೆ. ಅಷ್ಟರಲ್ಲಿ ಎಲ್ಲರನ್ನೂ ಬರೀರಿ.”

ಅವನು ಬರೆದ. ಜೂಬಾ. ಹ್ಯಾನಿಬಲ್. ಮುದುಕಿ ನ್ಯಾನ್. ಬಡಗಿ ಕಫಿ. ಮೋಲ್, ಅವಳ ಮಗ ಐಸಾಕ್. ಇನ್ನೂ ಆರು ಹೆಸರು. ಆನ್‌ಳಿಗೆ ಫಿಬಿ. ಹದಿಮೂರಾಯಿತು. ಹದಿನಾಲ್ಕನೆಯದು: ‘ಮಗ ರಾಬರ್ಟನಿಗೆ, ಫಿಬಿಯ ಮಗಳು’ ಎಂದಿತ್ತು. ಮುಂದಿನ ಮಾತಿನ ಜಾಗದಲ್ಲಿ ಹಾಳೆಗೆ ತೂತು. ಬೆಳಿಗ್ಗೆ ಆ ತೂತು ಇರಲಿಲ್ಲ.

“ನಿಮಗೆ ಗೊತ್ತು ಆ ಹೆಸರು. ಹೇಳಿ, ಮಿಸ್ ಒಡೆಸ್ಸಾ.”

“ಹೇಳಬಹುದು. ಉಪಯೋಗವಿಲ್ಲ. ಬಿಟ್ಟೋನೇ ಹುಡುಕಬೇಕು. ಫಿಬಿನೂ ಮಗಳನ್ನ ಹಾಗೇ ಹುಡುಕಿದ್ದು, ಸಾಯೋವರೆಗೆ. ರಾಬರ್ಟ್ ಜಮೀನು ಮಾರಿದ್ದಾನೆ. ಕ್ರಯಪತ್ರದ ಪುಸ್ತಕ ಮೇಲಿನ ಸಾಲಲ್ಲಿದೆ.” ಏಣಿ ತಂದಳು. ಎಪ್ಪತ್ತು ದಾಟಿದ ಕೈಗಳಿಂದ ಅದನ್ನು ಗಟ್ಟಿಯಾಗಿ ಹಿಡಿದು ನಿಂತಳು.

ಏಳು ಪುಸ್ತಕಗಳು. ಸೂಚಿಯಲ್ಲಿ ಮಾರಿದವರು ಇದ್ದರು, ಕೊಂಡವರು ಇದ್ದರು. ಮಾರಿಹೋದವರಿಗೆ ಸೂಚಿ ಇರಲಿಲ್ಲ. ಲೊವೆಲ್ ಪುಟ ಪುಟ ತಿರುವಿದ. ಹಳ್ಳದ ದಡದ ಓಕ್ ಮರದಿಂದ ಕಲ್ಲಿನವರೆಗೆ. ಕಲ್ಲಿನಿಂದ ನದಿಯವರೆಗೆ. ಗಡಿಗಳು, ಗಡಿಗಳು. ಗೋಡೆಯ ಗಡಿಯಾರ ಮೂರು ಹೊಡೆಯಿತು. ಹೊಸ್ತಿಲ ಕೆಳಗೆ ಗಲಗಲ. ಮಗಳ ಮುಖ ನೆನೆದ. ಮೂಗು ನೆನಪಿತ್ತು. ಕಣ್ಣಿನ ಬಣ್ಣ ನೆನಪಿರಲಿಲ್ಲ.

ನಾಲ್ಕು. ಕಿಟಕಿಯಲ್ಲಿ ಬಿಸಿಲಿತ್ತು, ಕೋಣೆಯೊಳಗೆ ಕತ್ತಲು ಕೂತಿತ್ತು. ಮಣ್ಣಿನ ವಾಸನೆ ಮೂಗು ಕಟ್ಟಿತು. ಐದನೇ ಪುಸ್ತಕ. ಇಲ್ಲ. ಆರನೆಯದು. ಅವನ ಬೆನ್ನ ಹಿಂದೆ ಯಾರೋ ಜೊತೆಯಲ್ಲೇ ಓದುತ್ತಿದ್ದರು. ಒಡೆಸ್ಸಾ ಎದುರಿಗಿದ್ದಳು. ಅವನು ತಿರುಗಲಿಲ್ಲ. ಪುಟ ತಿರುವಿದ. ಉಸಿರು ಕುತ್ತಿಗೆಗೆ ತಾಕಿತು. ತಿರುವಿದ. ಕಾಥಾರ್ನ್. ರಾಬರ್ಟ್ ಕಾಥಾರ್ನ್. ಮುನ್ನೂರು ಎಕರೆ. ಮನೆ, ಹಣ್ಣಿನ ತೋಟ, ಕೊಟ್ಟಿಗೆ, ನೀರು, ‘ಮತ್ತು ಲೆಟ್ಟಿ ಎಂಬ ಹುಡುಗಿ, ಸುಮಾರು ಆರು ವರ್ಷ.’ ಕೆಳಗೆ ಸಾಕ್ಷಿಯ ಸಹಿ: ‘ಜಾನ್ ಕಾಥಾರ್ನ್, ರಾಬರ್ಟನ ಮಗ.’

ಅವನು ಹುಡುಕಿ ಬಂದಿದ್ದ ಕೊಂಡಿ. ಅದನ್ನು ನೋಡಿದ, ಬರೆದುಕೊಳ್ಳಲಿಲ್ಲ. ಲೆಟ್ಟಿ ಎಂದು ಬರೆದ. ಪೆನ್ಸಿಲಿನ ಮೊನೆ ಮುರಿಯಿತು.

ಬೆನ್ನ ಹಿಂದಿನ ಉಸಿರು ನಿಂತಿತು. ಸೀಸೆಯ ಸದ್ದು ನಿಂತಿತು. ನಾಲ್ಕು ಇಪ್ಪತ್ತೆಂಟು.

ಫೋನು ರಿಂಗಾಯಿತು.

“ಎಲ್ಲಿ ಹೋಗಿದ್ದೆ ಅಪ್ಪಾ? ಆಗಿಂದ ನಿನ್ನ ನಂಬರೇ ಸಿಗ್ತಿಲ್ಲ.” ಮಗಳು ಅಳುತ್ತ ನಗುತ್ತಿದ್ದಳು. “ಹೆಣ್ಣು. ಅಮ್ಮನ ಮೂಗು. ಹೆಸರು ಕೇಳು...”

ಅವಳು ಹೇಳಿದಳು. ಲೊವೆಲ್‌ಗೆ ಕೇಳಿಸಿದ್ದು ಸೀಸೆಯೊಳಗೆ ಮೊಳೆಗಳ ಗಲಗಲ.

“ಇನ್ನೊಂದು ಸಲ ಹೇಳು.”

ಗಲಗಲ.

“ಚೆನ್ನಾಗಿದೆ ಕಣಮ್ಮಾ,” ಎಂದ.

ಒಡೆಸ್ಸಾ ಅವನ ಕೈಯಿಂದ ಫೋನು ಇಸಿದುಕೊಂಡು, ಬಾಣಂತಿಯನ್ನು ಮೆಲ್ಲಗೆ ವಿಚಾರಿಸಿ, ತಾಯಿಯ ಹೆಸರನ್ನೂ ಮಗುವಿನ ಹೆಸರನ್ನೂ ಕೇಳಿ ಒಂದು ಚೀಟಿಯಲ್ಲಿ ಬರೆದಳು. ತನ್ನ ಕೊರಳಪಟ್ಟಿಯ ಪಿನ್ನು ತೆಗೆದು ಚೀಟಿಯನ್ನು ಅವನ ಕೋಟಿನ ಒಳಮಗ್ಗುಲಿಗೆ ಚುಚ್ಚಿದಳು.

“ಫಿಬಿ ನಿಮ್ಮ ಮಗಳನ್ನ ಬಿಟ್ಟುಕೊಟ್ಟಳು. ಹೆಸರುಗಳನ್ನ ಕೊಡಲಿಲ್ಲ. ನೋಡ್ಕೊಂಡಾದ್ರೂ ಕರೀರಿ.”

ಅವನು ಚೀಟಿ ಓದಿದ. ಎರಡು ಸುಂದರ ಹೆಸರುಗಳು. ಕಣ್ಣೆತ್ತಿದ. ಎರಡೂ ನೆನಪಿನಲ್ಲಿರಲಿಲ್ಲ.

ಮೂರನೇ ದಿನ ಆಸ್ಪತ್ರೆಯ ಕಿಟಕಿಯ ಬಳಿ ಮಗಳು ಕೂಸನ್ನು ಅವನ ತೋಳಲ್ಲಿಟ್ಟಳು. ಎರಡೂ ಕೈ ತುಂಬಿತ್ತು. ಚೀಟಿ ಕೋಟಿನೊಳಗಿತ್ತು.

“ಕರಿ ಅಪ್ಪಾ, ನೋಡೋಣ.”

ಅವನು ಬಾಯಿ ತೆರೆದ. ಅಲ್ಲಿ ಒಂದೇ ಒಂದು ಹೆಸರು ಕಾದಿತ್ತು.

“ಲೆಟ್ಟಿ,” ಎಂದ.

ಕೂಸು ಕಣ್ಣು ತೆರೆದು, ಅವನನ್ನಲ್ಲ, ಅವನ ಬೆನ್ನ ಹಿಂದೆ ನಿಂತಿದ್ದವರನ್ನು ನೋಡಿತು.