ಮೂರನೆಯ ಗುರುತು

ಇಟ್ಟಿಗಿ ಊರಿನ ಹನ್ನೊಂದು ಬಾವಿಗಳ ಹೂಳೆತ್ತುವ ಕೆಲಸ ಎಲ್ಲಿಗೆ ಬಂತೆಂದು ತೋರಿಸಲು ನಾನು ಹಡಗಲಿಯ ಆಫೀಸಿನಲ್ಲಿ ಕೂತು ಡ್ಯಾಶ್‌ಬೋರ್ಡ್ ಮಾಡಿದೆ. ಬಾವಿಗೆ ಎರಡೆರಡು ಗುರುತು: ಇಳಿದದ್ದು, ಹೂಳು ತೆಗೆದದ್ದು. ಬಾವಿಯ ಬಾಯಲ್ಲಿ ಹಗ್ಗ ಹಿಡಿಯುವ ಜಂಬಮ್ಮ ಒಪ್ಪಲಿಲ್ಲ.

“ಇಳಿದವ ಮ್ಯಾಲೆ ಬಂದು ‘ಬಂದೆ’ ಅನ್ನೋತನಕ ನಮ್ಮಲ್ಲಿ ಕೆಲಸ ಮುಗಿಯಂಗಿಲ್ಲ ನೋಡವಾ,” ಎಂದಳು.

ಮೂರನೆಯದನ್ನೂ ಸೇರಿಸಿದೆ: ಬಂದದ್ದು.

ಮರುದಿನ ಪರದೆಯಲ್ಲಿ ಹನ್ನೆರಡು ಬಾವಿಗಳಿದ್ದವು. ಹನ್ನೆರಡನೆಯದಕ್ಕೆ ಹೆಸರಿಲ್ಲ, ಎರಡು ಗುರುತು ಬಿದ್ದಿದ್ದವು, ಮೂರನೆಯದು ಖಾಲಿ. ಸಾಫ್ಟ್‌ವೇರಿನ ದೋಷವೆಂದು ಅಳಿಸಿದೆ. ಮತ್ತೆ ಬಂತು. ಆ ಸಾಲು ತೆರೆದಾಗಲೆಲ್ಲ ಮೇ ತಿಂಗಳ ಸೆಕೆಯಲ್ಲೂ ಮೌಸ್ ತಣ್ಣಗಾಗುತ್ತಿತ್ತು, ಕೋಣೆಯಲ್ಲಿ ಹಸಿ ಹೂಳಿನ ವಾಸನೆ ಏಳುತ್ತಿತ್ತು.

ಜಂಬಮ್ಮನಿಗೆ ತೋರಿಸಿದೆ. ಅವಳ ಗಂಡ ಪಾಲಯ್ಯ ಇಪ್ಪತ್ತು ವರ್ಷದ ಹಿಂದೆ ಹೂಳೆತ್ತಲು ಇಳಿದವನು ಮೇಲೆ ಬಂದಿರಲಿಲ್ಲ. ಆ ಬಾವಿಯನ್ನೇ ಮುಚ್ಚಿಬಿಟ್ಟಿದ್ದರು. ಅಂದಿನಿಂದ ಮನೆಯಲ್ಲಿ ಅವಳೊಬ್ಬಳೇ. ಖಾಲಿ ಜಾಗವನ್ನು ಬೆರಳಿನಿಂದ ಸವರಿ, “ಅಳಸಬ್ಯಾಡವ್ವ, ಇರ್ಲಿ,” ಎಂದಳು.

ನಿನ್ನೆ ಮಧ್ಯಾಹ್ನ ಮೂರನೆಯ ಗುರುತೂ ಬಿತ್ತು. ಗಾಬರಿಯಾಗಿ ಅವಳಿಗೆ ಫೋನ್ ಮಾಡಿದೆ. ಆಚೆ ಕಡೆ ನೀರು ತೊಟ್ಟಿಕ್ಕುವ ಸದ್ದು.

“ಆಮ್ಯಾಲೆ ಮಾತಾಡ್ತೀನವ್ವ,” ಎಂದಳು ಜಂಬಮ್ಮ, ಮೆಲ್ಲಗೆ. “ಉಣ್ಣಾಕ ನೀಡಾಕತ್ತೀನಿ.”