ಐದು ವರ್ಷ ಬಾಳುವ ಪ್ಯಾಡ್

ಗುರುವಾರ ಮಧ್ಯಾಹ್ನ ಒಂದು ಹಲ್ಲು ವಾಪಸು ಬಂತು.

ಕೃತಕ ಹಲ್ಲು ತಯಾರಿಸುವ ಲ್ಯಾಬಿಗೆ ಹಲ್ಲು ವಾಪಸು ಬರುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಈ ದವಡೆ ಹಲ್ಲಿನ ಜೊತೆ ದಂತವೈದ್ಯರ ಒಂದು ಚೀಟಿಯಿತ್ತು: ‘ಅಂಚಿನಲ್ಲಿ ಕೂದಲೆಳೆಯಷ್ಟು ಸಂದು. ಇದನ್ನು ಮಾಡಿದವರು ಯಾರು?’

ಮಾಡಿದವರು ಇಬ್ಬರು. ತೊಡಕು ಇದ್ದದ್ದೇ ಅಲ್ಲಿ. ಹಲ್ಲಿನ ವಿನ್ಯಾಸ ಮಾಡುವ ದುಬಾರಿ ಸಾಫ್ಟ್‌ವೇರ್ ಲ್ಯಾಬಿನ ಒಂದೇ ಒಂದು ಕಂಪ್ಯೂಟರಿನಲ್ಲಿತ್ತು. ಬೆಳಗ್ಗೆ ಏಳರಿಂದ ಎರಡರವರೆಗೆ ಅವಳು, ಎರಡರಿಂದ ಒಂಬತ್ತರವರೆಗೆ ಅವನು. ಅವಳು ಅರ್ಧಕ್ಕೆ ಬಿಟ್ಟ ಹಲ್ಲನ್ನು ಅವನು ಮುಗಿಸುತ್ತಿದ್ದ, ಅವನು ಬಿಟ್ಟದ್ದನ್ನು ಅವಳು. ಉಳಿದವರು ಅವರನ್ನು ಬೆಳಗಿನವಳು, ಮಧ್ಯಾಹ್ನದವನು ಎಂದೇ ಕರೆದು ಕರೆದು, ಸಂಬಳದ ದಿನ ಮಾತ್ರ ನಿಜವಾದ ಹೆಸರು ನೆನಪಿಸಿಕೊಳ್ಳುತ್ತಿದ್ದರು.

“ಇದಕ್ಕೆ ನಿಮ್ಮ ಅಂಗೈ ಕಾರಣ,” ಎಂದಳು ಬೆಳಗಿನವಳು, ಕುರ್ಚಿಯಿಂದ ಏಳುತ್ತ. “ನೋಡಿ ಇಲ್ಲಿ. ಮೌಸ್ ಪ್ಯಾಡಿನ ಬಲಭಾಗ ಬೋಳುತಲೆ ಥರ ಹೊಳೀತಿದೆ. ಮೌಸ್ ಅಲ್ಲಿಗೆ ಹೋದ ಕೂಡಲೇ ಕರ್ಸರ್ ಹಾರತ್ತೆ.”

“ಎಡಭಾಗದಲ್ಲಿ ನೂಲು ಕಿತ್ಕೊಂಡು ಬಂದಿದೆಯಲ್ಲ, ಅದೂ ನನ್ನ ಅಂಗೈನಾ?”

“ಎಡಚಿ ಅಂತ ಆಡ್ಕೋತಿದೀರಾ?”

“ಪ್ಯಾಡ್ ವಿಷಯ ಮಾತಾಡ್ತಿದೀನಿ.”

“ನನ್ನ ಹಲ್ಲು ನೋಡ್ಕೊಂಡು ಪ್ಯಾಡ್ ವಿಷಯ ಮಾತಾಡ್ತಿದೀರಿ.”

ಅದು ಸುಳ್ಳಲ್ಲ. ಈ ಕಸುಬಿನವರು ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದನ್ನು ಬೇಗ ಮರೆಯುತ್ತಾರೆ; ಅವರ ನೋಟ ಎರಡಂಗುಲ ಕೆಳಗಿಳಿದು ಅಲ್ಲೇ ಬಿಡಾರ ಹೂಡುತ್ತದೆ. ಅವಳ ಮೇಲಿನ ಸಾಲಿನ ಕೋರೆಹಲ್ಲೊಂದು ಚೂರು ತಿರುಗಿ ನಿಂತಿತ್ತು, ಫೋಟೋಗೆ ನಿಂತಾಗ ಪಕ್ಕದವರ ಕಡೆ ವಾಲುವ ಮನುಷ್ಯನ ಹಾಗೆ. ಸಾವಿರಾರು ಹಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದ್ದ ಅವನಿಗೆ ಅದೊಂದನ್ನು ತಿದ್ದಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಇದರ ಅರ್ಥ ಏನೆಂದು ಅವನಿಗೆ ತಿಳಿಯಲು ಎಂಟು ತಿಂಗಳು ಹಿಡಿಯಿತು. ತಿಳಿದ ಮೇಲೆ ಹೇಳದೆ ಉಳಿದದ್ದು ಇನ್ನೊಂದು ಹತ್ತು ತಿಂಗಳು.

ಹೇಳುವುದಕ್ಕೆ ಸಮಯವಾದರೂ ಎಲ್ಲಿತ್ತು? ಅವರು ಒಟ್ಟಿಗಿರುತ್ತಿದ್ದದ್ದು ದಿನಕ್ಕೆ ಹತ್ತು ನಿಮಿಷ. ಅವಳು ಏಳುತ್ತಿದ್ದಳು, ಅವನು ಕೂರುತ್ತಿದ್ದ. ಅವಳು ಏರಿಸಿಟ್ಟ ಕುರ್ಚಿ ಉಸ್ಸೆಂದು ಕೆಳಗಿಳಿಯುತ್ತಿತ್ತು. ಮೌಸು ಎಡದಿಂದ ಬಲಕ್ಕೆ ಬರುತ್ತಿತ್ತು. “ಮೂರನೇ ಫೈಲು ಹುಷಾರು, ಆ ಮನುಷ್ಯ ಹಲ್ಲು ಕಡಿಯೋ ಜಾತಿ,” ಎನ್ನುವಂಥ ಒಂದೆರಡು ಮಾತು. ಒಂದೂವರೆ ವರ್ಷದ್ದನ್ನೆಲ್ಲ ಒಟ್ಟು ಮಾಡಿದರೂ ಮೂರು ದಿನದ ಪರಿಚಯ. ಮೂರು ದಿನದ ಪರಿಚಯದ ಮೇಲೆ ಯಾವ ಮರ್ಯಾದಸ್ಥ ಬಾಯಿಬಿಡುತ್ತಾನೆ?

ಈಗ ಆ ಹತ್ತು ನಿಮಿಷಕ್ಕೂ ಸಂಚಕಾರ ಬಂದಿತ್ತು. ದೂರದ ಊರಿನ ದೊಡ್ಡ ಲ್ಯಾಬೊಂದು ಅವನನ್ನು ಕರೆದಿತ್ತು. ಅಲ್ಲಿ ಅವನಿಗೇ ಒಂದು ಕೋಣೆ, ಅವನಿಗೇ ಒಂದು ಕಂಪ್ಯೂಟರು, ಅವನು ಮಾತ್ರ ಕೂರುವ ಕುರ್ಚಿ. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಅವನ ಅಕ್ಕ ಫೋನಿನಲ್ಲಿ ದಿನಕ್ಕೆರಡು ಬಾರಿ ತಿವಿಯುತ್ತಿದ್ದಳು: “ಹೂಂ ಅನ್ನೋಕೆ ಮುಹೂರ್ತ ಬೇಕೇನೋ? ಅಲ್ಲೇನು ನಿನ್ನ ಕಟ್ಟಿಹಾಕಿದಾರಾ?” ಯಾರೂ ಕಟ್ಟಿಹಾಕಿಲ್ಲ ಎನ್ನುವುದೇ ಅವನ ಕಷ್ಟವಾಗಿತ್ತು.

ಜಗಳ ಕೇಳಿ ಒಳಗಿನಿಂದ ಅತ್ತೆ ಬಂದರು. ಲ್ಯಾಬಿನ ಒಡತಿ ಬೆಳಗಿನವಳಿಗೆ ಸ್ವಂತ ಸೋದರತ್ತೆ. ಅವಳು ಕರೆದದ್ದನ್ನು ಕೇಳಿ ಎಲ್ಲರೂ ಅತ್ತೆ ಎನ್ನಲು ಕಲಿತಿದ್ದರು, ಪಾರ್ಸೆಲ್ ತರುವ ಅರವತ್ತರ ಮುದುಕ ಸೇರಿದಂತೆ. ಅತ್ತೆ ಹಲ್ಲನ್ನು ನೋಡಿದರು, ಪ್ಯಾಡನ್ನು ನೋಡಿದರು, ಕೊನೆಗೆ ಇಬ್ಬರನ್ನೂ ನೋಡಿದರು.

“ಶನಿವಾರ ಅರ್ಧ ದಿನ ತಾನೆ? ಎರಡು ಗಂಟೆಗೆ ಇಬ್ಬರೂ ಹೋಗಿ ಹೊಸದು ತನ್ನಿ. ಒಬ್ಬರು ತಂದ್ರೆ ಇನ್ನೊಬ್ಬರು ಕೊಂಕು ತೆಗೀತೀರ. ಐದು ವರ್ಷ ಬಾಳಬೇಕು. ಐದು ವರ್ಷ ನನ್ನ ಮುಂದೆ ಮೌಸ್ ಪ್ಯಾಡ್ ಅನ್ನೋ ಶಬ್ದ ಬರಕೂಡದು.”

“ಐದು ವರ್ಷ ಯಾಕೆ ಅತ್ತೆ?” ಎಂದು ಅವನು ಕೇಳಿದ, ಸ್ವಲ್ಪ ಅವಸರದಲ್ಲಿ.

“ನಿನಗೇನಾದ್ರೂ ತೊಂದ್ರೆ ಇದೆಯಾ?” ಎಂದರು ಅತ್ತೆ.

ಅವನು ಇಲ್ಲವೆಂದ. ಅದು ಆ ವಾರದಲ್ಲಿ ಅವನು ಹೇಳಿದ ಅತಿದೊಡ್ಡ ಸುಳ್ಳು.

ಶನಿವಾರ ಅವರು ಮೊದಲ ಬಾರಿಗೆ ಒಂದೇ ಬಾಗಿಲಿನಿಂದ ಒಂದೇ ದಿಕ್ಕಿಗೆ ಹೊರಟರು. ಬೀದಿಯ ಬಿಸಿಲಿನಲ್ಲಿ ಅವಳನ್ನು ನೋಡಿ ಅವನಿಗೆ ಅಚ್ಚರಿಯಾಯಿತು. ಲ್ಯಾಬಿನ ಬಿಳಿ ಕೋಟಿಲ್ಲದೆ ಅವಳು ಇನ್ನಷ್ಟು ಎತ್ತರ ಕಂಡಳು. ನಡಿಗೆಯಲ್ಲಿ ಬಿರುಸಿತ್ತು, ಅವನು ಹೆಜ್ಜೆ ಹೊಂದಿಸಿದ್ದು ಓಡಿದಂತೆಯೂ ಅಲ್ಲ, ನಡೆದಂತೆಯೂ ಅಲ್ಲ.

ಅಂಗಡಿ ಒಂದು ಓಣಿಯಷ್ಟೇ ಅಗಲವಿತ್ತು. ಕೇಬಲ್ಲುಗಳ ಗೊಂಚಲುಗಳ ಕೆಳಗೆ ಕುಳಿತಿದ್ದ ಅಂಗಡಿಯವರು ಹಿಂದೆ ಬಟ್ಟೆ ವ್ಯಾಪಾರ ಮಾಡಿದ್ದವರಂತೆ. ಆ ಅಭ್ಯಾಸ ಹೋಗಿರಲಿಲ್ಲ. ಪ್ಯಾಡುಗಳನ್ನು ಸೀರೆ ಹರಡುವ ಹಾಗೆ ಒಂದರ ಮೇಲೊಂದು ಬೀಸಿ ಹರಡಿದರು.

“ಯಾರಿಗೆ?”

“ಇಬ್ಬರಿಗೂ,” ಎಂದಳು ಅವಳು.

“ಎಷ್ಟು ದಿನಕ್ಕೆ?”

“ಐದು ವರ್ಷ,” ಎಂದಳು ಅವಳು. “ಒಂದು ವರ್ಷ ಬಂದ್ರೂ ಸಾಕು,” ಎಂದ ಅವನು, ಅದೇ ಹೊತ್ತಿಗೆ.

ಅಂಗಡಿಯವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಇಬ್ಬರನ್ನೂ ನೋಡಿದರು.

ಅವಳು ಬಾಗಿ ಒಂದೊಂದನ್ನೇ ಪರೀಕ್ಷಿಸತೊಡಗಿದಳು. ಗಾಜಿನದು ಸವೆಯುವುದಿಲ್ಲ, ಆದರೆ ಮುಟ್ಟಿದರೆ ತಣ್ಣಗೆ, ಮೌಸು ಓಡಿದರೆ ಕರಕರ ಸದ್ದು. ಪ್ಲಾಸ್ಟಿಕ್ಕಿನದು ತಾನುಳಿದು ಮೌಸಿನ ಪಾದ ಸವೆಸುತ್ತದೆಂದು ಅಂಗಡಿಯವರೇ ಹೇಳಿಬಿಟ್ಟರು. ತೊಗಲಿನದನ್ನು ಅವಳು ಮೂಸಿ ನೋಡಿ ಮುಖ ಸಿಂಡರಿಸಿದಳು. ಆ ಸಿಂಡರಿಕೆಯಲ್ಲಿ ಕೋರೆಹಲ್ಲು ಒಂದು ಕ್ಷಣ ಇಣುಕಿ ಮರೆಯಾಯಿತು. ಅವನು ತಟ್ಟನೆ ಒಂದು ಚಾರ್ಜರಿನ ಡಬ್ಬಿಯ ಮೇಲಿನ ಬರಹ ಓದಲು ಶುರುಮಾಡಿದ.

“ಚಾರ್ಜರ್ ಬೇಕಾ?”

“ಇಲ್ಲ.”

“ಮತ್ತೆ ಅಷ್ಟು ಭಕ್ತಿಯಿಂದ ಓದ್ತಿದೀರಲ್ಲ?”

ಅವನು ಓದಿದ ಸಾಲನ್ನೇ ಮತ್ತೆ ಓದಿದ.

“ಬಾಳಿಕೆ ಬೇಕಂದ್ರೆ ಇದು ತಗೊಳ್ಳಿ,” ಅಂಗಡಿಯವರು ಒಂದು ಉದ್ದನೆಯ ಬಟ್ಟೆಯ ಪ್ಯಾಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿದರು. “ನೇಯ್ಗೆ ನೋಡಿ, ಎಷ್ಟು ಒತ್ತಾಗಿದೆ. ಅಂಚಿಗೆ ಸುತ್ತಲೂ ಹೊಲಿಗೆ ಇದೆ, ನೂಲು ಬಿಚ್ಚಲ್ಲ. ತಳ ರಬ್ಬರು, ಜಾರಲ್ಲ. ಮೇಜಿನಷ್ಟು ಅಗಲ ಇದೆ. ಒಬ್ಬರು ಆ ಕಡೆ, ಒಬ್ಬರು ಈ ಕಡೆ.”

“ನಾವು ಒಟ್ಟಿಗೆ ಕೂರಲ್ಲ,” ಎಂದ ಅವನು.

“ನಾನು ಕೇಳಲಿಲ್ಲ,” ಎಂದರು ಅಂಗಡಿಯವರು.

ಅವನು ಮೂಲೆಯಲ್ಲಿದ್ದ ತೆಳುವಾದೊಂದು ಪ್ಯಾಡನ್ನು ಎತ್ತಿಕೊಂಡ. “ಇದೇ ಸಾಕಲ್ವಾ?”

“ಅದು ಆರು ತಿಂಗಳಿಗೆ ಸುರುಳಿ ಸುತ್ಕೊಳ್ಳತ್ತೆ,” ಎಂದಳು ಅವಳು. “ಅತ್ತೆ ದುಡ್ಡು ಉಳಿಸೋಕೆ ನಿಮಗೇನು ಬಂದಿದೆ?”

“ಅದಲ್ಲ…” ಅವನು ಆ ತೆಳು ಪ್ಯಾಡನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ನನಗೆ ಬೇರೆ ಕಡೆ ಕೆಲಸ ಬಂದಿದೆ. ಸೋಮವಾರ ಉತ್ತರ ಹೇಳಬೇಕು. ನಾನು ಕೈಯಿಡದೇ ಇರೋ ಪ್ಯಾಡನ್ನ ಐದು ವರ್ಷಕ್ಕೆ ಅಂತ ಆರಿಸೋಕೆ ಮನಸ್ಸು ಬರ್ತಿಲ್ಲ.”

ಅವಳು ಗಾಬರಿಯಾಗುವಳೆಂದು ಅವನು ಭಯಪಟ್ಟಿದ್ದ, ಒಳಗೊಳಗೇ ಆಸೆಯನ್ನೂ ಪಟ್ಟಿದ್ದ. ಅವಳು ಹೊಲಿಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡುವುದನ್ನು ನಿಲ್ಲಿಸಲಿಲ್ಲ.

“ಮಂಗಳವಾರದಿಂದ ಗೊತ್ತು,” ಎಂದಳು. “ಆ ಲ್ಯಾಬಿನವರು ನಿಮ್ಮ ಬಗ್ಗೆ ವಿಚಾರಿಸೋಕೆ ಅತ್ತೆಗೆ ಫೋನ್ ಮಾಡಿದ್ರು. ಅತ್ತೆಗೆ ಸುಳ್ಳು ಹೇಳೋಕೆ ಬರಲ್ಲ. ಬಾಯ್ತುಂಬ ಹೊಗಳಿದ್ರು. ಆಮೇಲೆ ಅರ್ಧ ಗಂಟೆ ಪೆಚ್ಚುಮೋರೆ ಹಾಕ್ಕೊಂಡು ಕೂತಿದ್ರು.”

“ಮತ್ತೆ ನೀವು ಏನೂ ಕೇಳಲಿಲ್ಲ!”

“ಏನು ಕೇಳಲಿ?”

ಅಂಗಡಿಯವರು ಔಚಿತ್ಯ ತಿಳಿದವರಂತೆ ತಿರುಗಿ, ಅಚ್ಚುಕಟ್ಟಾಗಿಯೇ ಇದ್ದ ಕೇಬಲ್ಲುಗಳನ್ನು ಮತ್ತೆ ಜೋಡಿಸತೊಡಗಿದರು.

“ಇರಿ ಅಂತ ನಾನು ಹೇಳಲ್ಲ,” ಎಂದಳು ಅವಳು. ಧ್ವನಿಯಲ್ಲಿ ಏರುಪೇರಿರಲಿಲ್ಲ; ಯಾವುದೋ ಫೈಲಿನ ಬಗ್ಗೆ ಹೇಳುವಾಗಿನ ಧ್ವನಿ. “ಹಿಂದೆ ಒಬ್ಬರಿಗೆ ಹೇಳಿದ್ದೆ. ಇದ್ದ ಪುಣ್ಯಾತ್ಮ. ಎರಡು ತಿಂಗಳು ಮುಖ ಊದಿಸ್ಕೊಂಡು ಇದ್ದು ಉಪಕಾರ ಮಾಡಿದ, ಆಮೇಲೆ ಹೋದ. ಹಾಗೆ ಇರೋದಕ್ಕಿಂತ ನೀವು ಹೋಗಿ ಚೆನ್ನಾಗಿರೋದೇ ವಾಸಿ. ಅದಕ್ಕೇ ಕೇಳಲಿಲ್ಲ. ಬೇಡ ಅಂತ ಅಲ್ಲ.”

ಕೊನೆಯ ಮೂರು ಪದಗಳನ್ನು ಅವಳು ಪ್ಯಾಡಿಗೆ ಹೇಳಿದಳು. ಆದರೆ ಅಂಗಡಿ ಸಣ್ಣದು. ಅವನಿಗೆ ಕೇಳಿಸಿತು.

ಅವನು ತೆಳು ಪ್ಯಾಡನ್ನು ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟ. ಉದ್ದನೆಯದರ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಊರಿದ.

“ಇದನ್ನ ಒಗೆಯೋದು ಹೇಗೆ?” ಎಂದು ಅಂಗಡಿಯವರನ್ನು ಕೇಳಿದ.

ಅಂಗಡಿಯವರು ಇದೇ ಪ್ರಶ್ನೆಗೆ ಕಾದಿದ್ದವರಂತೆ ತಿರುಗಿದರು. “ಮೂರು ತಿಂಗಳಿಗೊಂದು ಸಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತಗೆ ಉಜ್ಜಬೇಕು. ಹಿಂಡಬಾರದು. ನೆರಳಲ್ಲಿ ಎರಡು ದಿನ ಚಾಚಿ ಒಣಗಿಸಬೇಕು. ಹೀಗೆ ನೋಡ್ಕೊಂಡ್ರೆ ಐದು ವರ್ಷ ಏನು, ಜಾಸ್ತೀನೇ ಬರತ್ತೆ.”

“ಶನಿವಾರ ಮಧ್ಯಾಹ್ನ ಮನೆಗೆ ತಗೊಂಡ್ಹೋದ್ರೆ ಸೋಮವಾರ ಏಳು ಗಂಟೆಗೆ ಒಣಗಿರತ್ತೆ,” ಎಂದ ಅವನು.

“ಶನಿವಾರ ನಿಮಗೆ ರಜೆ,” ಎಂದಳು ಅವಳು.

“ಬರ್ತೀನಿ.”

“ಯಾವ ಶನಿವಾರ?”

“ಮೂರು ತಿಂಗಳು ಬಿಟ್ಟು ಬರೋದು. ಅದಾಗಿ ಮೂರು ತಿಂಗಳಿಗೆ ಇನ್ನೊಂದು.”

ಈಗ ಅವಳು ಬೆನ್ನು ನೆಟ್ಟಗೆ ಮಾಡಿ ಅವನನ್ನು ನೋಡಿದಳು. ಎರಡಂಗುಲ ಕೆಳಗಲ್ಲ, ನೇರ ಕಣ್ಣನ್ನೇ. “ಐದು ವರ್ಷಕ್ಕೆ ಇಪ್ಪತ್ತು ಸಲ ಆಗತ್ತೆ. ಬಾಯಿಗೆ ಬಂದದ್ದು ಹೇಳ್ತಿದೀರಾ, ಲೆಕ್ಕ ಹಾಕಿ ಹೇಳ್ತಿದೀರಾ?”

“ನೀವು ಇರಿ ಅಂದಿದ್ದಕ್ಕೆ ಇರ್ತಿಲ್ಲ. ನೀವು ಅಂದೇ ಇಲ್ಲ. ನನಗೇ ಇರಬೇಕು ಅನ್ನಿಸ್ತಿದೆ,” ಎಂದ ಅವನು. ಕಿವಿ ಕೆಂಪಾಗಿತ್ತು. “ಆ ಕೋಣೇಲಿ ಒಬ್ಬನೇ ಕೂತು ಏನು ಮಾಡಲಿ? ಮೂರನೇ ಫೈಲು ಹುಷಾರು ಅಂತ ಹೇಳೋರು ಯಾರಿದಾರೆ ಅಲ್ಲಿ? ಮುಖ ಊದಿಸ್ಕೊಳ್ಳಲ್ಲ. ಊದಿಸ್ಕೊಂಡ್ರೆ ಹಲ್ಲುನೋವು ಅಂತ ತಿಳ್ಕೊಳ್ಳಿ.”

“ಇಪ್ಪತ್ತು ಸಲಾನೂ ನೀವೇ ಒಗೀತೀರಾ?”

“ಹತ್ತು ನೀವು ಒಗೀಬಹುದು.”

“ಯಾರ ಮನೇಲಿ?”

ಅವನು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ತಯಾರಾಗಿದ್ದರೆ ಖಂಡಿತ ಏನಾದರೂ ಪೆದ್ದುಪೆದ್ದಾಗಿ ಹೇಳುತ್ತಿದ್ದ.

“ಮೊದಲನೇ ಸಲ ನಮ್ಮನೇಲಿ. ಎರಡನೇ ಸಲ ನಿಮ್ಮನೇಲಿ. ಇಪ್ಪತ್ತನೇ ಸಲ ಬರೋ ಹೊತ್ತಿಗೆ… ನಿಮ್ಮನೆ ನಮ್ಮನೆ ಅಂತ ಕೇಳೋ ಹಾಗೆ ಇರದಿದ್ರೆ ಚೆನ್ನಾಗಿರತ್ತೆ.”

“ಇಪ್ಪತ್ತನೇ ಸಲಕ್ಕಾ?” ಎಂದಳು ಅವಳು. “ಅಷ್ಟು ನಿಧಾನಾನಾ ನೀನು?”

“ಹಾಗಾದ್ರೆ… ಹತ್ತು?”

“ಎರಡು.”

“ಎರಡಕ್ಕೆ ಅಕ್ಕ ಗಾಬರಿ ಬೀಳ್ತಾಳೆ. ಐದು ಇರಲಿ.”

“ಅತ್ತೆನ ಒಪ್ಪಿಸೋಳು ನಾನು. ಐದು ಆಗಲ್ಲ.”

ಅಂಗಡಿಯವರು ಪ್ಯಾಡನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಮೇಜಿನ ಮೇಲೆ ತಟ್ಟನೆ ಇಟ್ಟರು. ಬಟ್ಟೆ ವ್ಯಾಪಾರದಲ್ಲಿ ಅವರು ಎಷ್ಟೋ ಚೌಕಾಸಿ ನೋಡಿದ್ದವರು.

“ಮೂರಕ್ಕೆ ಮುಗಿಸಿ,” ಎಂದರು. “ಪ್ಯಾಡು ಗಟ್ಟಿ ಇದೆ, ಮೂರಕ್ಕೆ ಏನೂ ಮೋಸ ಇಲ್ಲ. ನಾನು ಊಟಕ್ಕೆ ಬಾಗಿಲು ಹಾಕಬೇಕು.”

ಇಬ್ಬರೂ ಮೂರಕ್ಕೆ ಒಪ್ಪಿದರು.