ನೀಲವ್ವ ಹಿಂತಿರುಗಿಸಿದ ಪದಕ

"ನಮ್ಮ ನೀಲವ್ವನಿಗೆ ಈ ದುರಾಸೆ ಹಚ್ಚಿದ್ದು ಯಾರು?"

ಕತ್ತಲಲ್ಲಿ ಚಾಮುಂಡೇಶ್ವರಿ ಕೇಳಿದ್ದು ಯಾರನ್ನೂ ಅಲ್ಲ. ನಜರ್‌ಬಾದಿನ ಬಿಡುಗಡೆಗೆ ಮುಂಚೆ ಸಿನಿಮಾ ತೋರಿಸುವ ಆ ಪುಟ್ಟ ಪ್ರಿವ್ಯೂ ಥಿಯೇಟರಿನ ಪರದೆಯ ಮೇಲೆ, ನೀಲವ್ವ ಪದಕವನ್ನು ಎದೆಗೊತ್ತಿಕೊಂಡು ಸ್ವಂತ ತಂಗಿಯ ಮೇಲೆಯೇ ಕತ್ತಿ ಎತ್ತಿದ್ದಳು.

ಅಜ್ಜಿ ಸಿದ್ದಲಿಂಗಮ್ಮ ಹಾಡುವ ಕಥೆಯ ನೀಲವ್ವ ಹೀಗಲ್ಲ. ಯುದ್ಧಕ್ಕೆ ಹೊರಟ ರಾಜ ನಂಬಿ ಕೊಟ್ಟ ಕೊರಳ ಪದಕವನ್ನು, ಹಸಿದು ಮಲಗಿದ ದಿನಗಳಲ್ಲೂ ಮುಟ್ಟದೆ ಹಿಂತಿರುಗಿಸಿದವಳು. ಅದನ್ನು ಕೇಳುತ್ತಲೇ ಚಾಮುಂಡೇಶ್ವರಿ ಬೆಳೆದಿದ್ದಳು. ಹಾಡುವವರಿಗೆ ಕೇಳುವವರು 'ಹೂಂ' ಅನ್ನುತ್ತಿರಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಅವರ ಮನೆಯ ಪದ್ಧತಿ ಅದು.

ಚಿತ್ರ ಶುರುವಾದಾಗಿನಿಂದ ಪಕ್ಕದಲ್ಲಿ ಕೂತ ಅಜ್ಜಿ ಹೂಂಗುಟ್ಟುತ್ತಲೇ ಇದ್ದರು. ಪರದೆಯ ಮೇಲಿನ ಪದಕ ಬಾಯಿ ಬಂದಂತೆ ನೀಲವ್ವನ ಕಿವಿಯಲ್ಲಿ ಪಿಸುಗುಟ್ಟಿದ ಕೂಡಲೇ ಸುಮ್ಮನಾದರು.

ಆ ಮೌನ ಚಾಮುಂಡೇಶ್ವರಿಯ ಎದೆ ಸುಟ್ಟಿತು. ಚಿತ್ರಕಥೆ ಬರೆದ ಅಭಿರಾಮ ತಿಂಗಳುಗಟ್ಟಲೆ ವಿದ್ಯಾರಣ್ಯಪುರಂನ ತಮ್ಮ ಮನೆಗೆ ಬಂದು, ಅಜ್ಜಿಯ ಕಾಲ ಬಳಿ ಕೂತು ಕೇಳಿದ್ದು... ತಾನು ಅವನ ದಾರಿ ಕಾದದ್ದು... ಎಲ್ಲ ಇದಕ್ಕಾ?

ತಟ್ಟನೆ ಪರದೆ ಕಪ್ಪಾಯಿತು. ದೀಪ ಹತ್ತಿತು. ಬಾಗಿಲಲ್ಲಿ ಅಭಿರಾಮ ನಿಂತಿದ್ದ.

"ಯಾಕಪ್ಪ ನಿಲ್ಸ್‌ಬುಟ್ಟೆ?" ಅಜ್ಜಿ ಕೇಳಿದರು.

"ನೀವು ಹೂಂ ಅನ್ನೋದು ನಿಲ್ಸಿದ್ರಲ್ಲ, ಅಜ್ಜಿ."

ಚಾಮುಂಡೇಶ್ವರಿ ಎದ್ದಳು. "ಆ ಮಾತಾಡೋ ಪದಕ ಎಲ್ಲಿಂದ ಬಂತು? ಅಜ್ಜಿ ಹಾಡಿದ್ರಲ್ಲಿ ಇರ್ಲಿಲ್ವಲ್ಲ."

"ಹೈಸ್ಕೂಲಲ್ಲಿ ಓದಿದ್ದ ಹೊರದೇಶದ ಮಾಯಾಕಥೆಯಿಂದ. ಅದ್ರಲ್ಲಿ ಒಡವೆ ತೊಟ್ಟೋರನ್ನೇ ತಿಂದ್ಬುಡುತ್ತೆ. ಆಸೆನೇ ಪಡದ ಹೆಣ್ಣನ್ನ ಜನ ನಂಬಲ್ಲ ಅಂದ್ಕೊಂಡೆ."

"ಜನ ನಂಬಲ್ವೋ, ನೀವು ನಂಬಲ್ವೋ? ಆ ಕಥೆ ಅದರ ಪಾಡಿಗೆ ಚೆನ್ನಾಗಿರ್ಬೋದು ಕಣ್ರೀ. ಅದರ ಪಾಪ ತಂದು ನಮ್ಮ ನೀಲವ್ವನ ಕೊರಳಿಗೆ ಯಾಕೆ ಕಟ್ಟಿದ್ರಿ? ಮೇಲೆ 'ಕಥೆ: ಸಿದ್ದಲಿಂಗಮ್ಮ' ಅಂತ ನಮ್ಮಜ್ಜಿ ಹೆಸ್ರು ಬೇರೆ."

ಅಭಿರಾಮ ತಲೆ ತಗ್ಗಿಸಿದ. "ತಪ್ಪು ನಂದೇ. ಆ ಮಾತಾಡೋ ಪದಕದ ಭಾಗ ತೆಗೀದೇ ಇದ್ರೆ ಅಜ್ಜಿ ಹೆಸ್ರೂ ಇರಲ್ಲ, ನನ್ನ ಹೆಸ್ರೂ ಇರಲ್ಲ ಅಂತ, ಅಜ್ಜಿ ಹೂಂ ನಿಂತ ಕೂಡ್ಲೇ ಆಚೆ ಹೋಗಿ ನಿರ್ಮಾಪಕರಿಗೆ ಹೇಳಿ ಬಂದೆ."

"ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ. ನಿಮ್ಮ ಮನೆಗೆ ಬರೀ ಕಥೆಗೋಸ್ಕರ ಬರ್ತಿದ್ದೆ ಅಂದ್ಕೊಂಡ್ರಾ?"

ಅಜ್ಜಿ ಸೆರಗು ಸರಿಪಡಿಸಿಕೊಂಡು ಎದ್ದರು. "ನಾನು ಆಚೆ ಗಾಳಿಗೆ ಕೂತಿರ್ತೀನಿ ಕಣಮ್ಮ. ಬೈಯೋದು ಪೂರ್ತಿ ಬೈದು ಬಾ, ಅರ್ಧಕ್ಕೆ ಬಿಡ್ಬೇಡ."

ಚಾಮುಂಡೇಶ್ವರಿಯ ಕಣ್ಣು ತುಂಬಿತು. ದನಿ ಮಾತ್ರ ಗಡುಸಾಗಿಯೇ ಇತ್ತು.

"ನಾಳೆ ಮನೆಗೆ ಬನ್ನಿ. ಕಥೆ ಮೊದಲಿಂದ ಕೇಳಿ. ಈ ಸಲ ನಿಮ್ಮ ಪಕ್ಕದಲ್ಲಿ ನಾನೂ ಕೂರ್ತೀನಿ."

ಅವನ ಮುಖ ಅರಳಿತು. "ಹಂಗಾದ್ರೆ ಸಿಟ್ಟು ಬಿಟ್ಬಿಡಿ..."

"ಬಿಡಲ್ಲ."